ನೆಲ್ಲು ಹರವಿದ ಕೋರ್ಟು

ನಮ್ಮ ಆಟದ ಟೀಚರ ಬಲಗೈ ಕಿರುಬೆರಳು ನೆಟ್ಟಗಾಗುತ್ತಿರಲಿಲ್ಲ. ನಿಲ್ಲಿರಿ ಎಂದು ಕೈ ಎತ್ತಿದರೆ ನಾಲ್ಕು ಬೆರಳು ಮೇಲೆ, ಅದೊಂದು ಕೊಕ್ಕೆಯಂತೆ ಕೆಳಗೆ. ಪಂದ್ಯವೊಂದರಲ್ಲಿ ಬ್ಯಾಸ್ಕೆಟ್‌ಬಾಲ್ ಬಡಿದು ಮುರಿದದ್ದು. ಪಟ್ಟಿ ಸುತ್ತಿಕೊಂಡು ಆ ಪಂದ್ಯ ಮುಗಿಸಿದ್ದರಂತೆ.

ಅವರ ತಂದೆ ಕಾಲುವೆ ಕೆಲಸದಲ್ಲಿ ರೋಲರ್ ಓಡಿಸುತ್ತಿದ್ದರು. ಕಾಲುವೆ ಕ್ಯಾಂಪಿನಲ್ಲಿ ಎಂಜಿನಿಯರರ ಮಕ್ಕಳು ಆಡುವಾಗ ಚೆಂಡು ಹೆಕ್ಕಿಕೊಡಲು ಹೋದ ಹುಡುಗಿ, ಅವರಿಗಿಂತ ಚೆನ್ನಾಗಿ ಆಡತೊಡಗಿದಳು. ಮುಂದೆ ಮದ್ರಾಸಿನ ಕಂಪನಿಯೊಂದು ಸಂಬಳ ಕೊಟ್ಟು ತನ್ನ ತಂಡಕ್ಕೆ ಸೇರಿಸಿಕೊಂಡಿತು. ನಮ್ಮ ಕಡೆ ಹೆಣ್ಣುಮಗಳೊಬ್ಬಳು ಚೆಂಡಾಡಿ ಪಗಾರ ತಂದದ್ದು ಅದೇ ಮೊದಲು. “ಆಡೂದಕ್ಕ ಯಾರರ ಪಗಾರ ಕೊಡ್ತಾರೇನು?” ಎಂದು ಊರು ಮೂಗು ಮುರಿಯಿತು.

ಮೊಣಕಾಲು ಕೆಟ್ಟ ಮೇಲೆ ಶಹಾಪುರಕ್ಕೆ ಮರಳಿ ನಮ್ಮ ಶಾಲೆ ಸೇರಿದರು. ಸೀರೆಯ ಕೆಳಗೆ ಕ್ಯಾನ್ವಾಸ್ ಬೂಟು, ಸೊಂಟದಲ್ಲಿ ಸೀಟಿ. ಕಾಡಿ ಬೇಡಿ ಸಿಮೆಂಟಿನ ಕೋರ್ಟು ಹಾಕಿಸಿದರು. “ಕಣ್ಣು ಮ್ಯಾಲ ಇಡ್ರೆವ್ವಾ, ನೆಲ ಎಲ್ಲೂ ಹೋಗೂದಿಲ್ಲ” ಎನ್ನುತ್ತಿದ್ದರು.

ನೆಲವೇ ಹೋಯಿತು. ಕಾಲುವೆ ನೀರು ಬಂದು ಜೋಳದ ಹೊಲಗಳೆಲ್ಲ ನೆಲ್ಲಿನ ಗದ್ದೆಯಾಗಿದ್ದವು. ಸುಗ್ಗಿ ಬಂದರೆ ಶಾಲೆಯ ಅಧ್ಯಕ್ಷರ ನೆಲ್ಲು ಒಣಗುತ್ತಿದ್ದದ್ದು ನಮ್ಮ ಕೋರ್ಟಿನ ಮೇಲೆ. ನಾವು ಹತ್ತನೆಯ ತರಗತಿಯಲ್ಲಿದ್ದ ವರ್ಷ ಸುಗ್ಗಿಯ ಹೊತ್ತಿಗೇ ಯಾದಗಿರಿಯಲ್ಲಿ ಆಯ್ಕೆ ಪಂದ್ಯ. ಆಯ್ಕೆಯಾದವರಿಗೆ ಕ್ರೀಡಾ ಹಾಸ್ಟೆಲು, ಮುಂದಿನ ಓದು. ನನ್ನ ಗೆಳತಿ, ನಮ್ಮ ತಂಡದ ಎತ್ತರದ ಹುಡುಗಿ, ಅದನ್ನೇ ನೆಚ್ಚಿಕೊಂಡಿದ್ದಳು. ಅವಳ ಮನೆಯಲ್ಲಿ ಆಗಲೇ ವರ ನೋಡುತ್ತಿದ್ದರು.

ಟೀಚರು ಅಧ್ಯಕ್ಷರ ಮುಂದೆ ಹೋಗಿ ನಿಂತರು.

“ನಾಕ ದಿನದ ಮಾತು ಟೀಚರ. ಚೆಂಡು ಎಲ್ಲಿ ಓಡಿ ಹೋಗ್ತದ?” ಎಂದರು ಅವರು. “ಅನ್ನ ದೊಡ್ಡದೋ, ಆಟ ದೊಡ್ಡದೋ?”

“ನನಗ ಆಟಾನೇ ಅನ್ನ ಹಾಕ್ಯಾದ್ರಿ ಸಾಹೇಬ್ರ. ಈ ಹುಡುಗ್ಯಾರಿಗೂ ಹಾಕಲಿ.”

ನೆಲ್ಲು ಕದಲಲಿಲ್ಲ. ಅಂಚಿನಲ್ಲಿ ಉಳಿದ ಮೊಳದಗಲ ಜಾಗದಲ್ಲೇ ನಾವು ಚೆಂಡು ಪುಟಿಸುತ್ತ ಸುತ್ತಿದೆವು. ಒಂದು ಕಾಳು ತುಳಿದರೂ ಕಾವಲಿನ ಮುದುಕ ಬೈಯುತ್ತಿದ್ದ.

ಯಾದಗಿರಿಯಲ್ಲಿ ಎದುರಿಗೆ ಸುರಪುರದ ಹುಡುಗಿಯರು. ಅಷ್ಟು ದೊಡ್ಡ ಕೋರ್ಟು ಖಾಲಿ ಬಿದ್ದಿತ್ತು. ನಾವು ಮಾತ್ರ ಅಂಚು ಹಿಡಿದೇ ಓಡಿದೆವು! ಚೆಂಡು ಸಿಕ್ಕರೆ ಸಾಕು, ಕಾಲು ತಾವಾಗಿ ಗೆರೆಯ ಕಡೆ ತಿರುಗುತ್ತಿದ್ದವು. “ನಡುವ ಬಾವಿ ಅದ ಏನ್ರೆಬೇ?” ಎಂದು ಜನ ಬಿದ್ದು ಬಿದ್ದು ನಕ್ಕರು. ಟೀಚರು ಗಂಟಲು ಹರಿಯುವಂತೆ ಕೂಗುತ್ತಿದ್ದರು: “ನಡುವ ನಡೀರೆವ್ವಾ! ಖಾಲಿ ಅದ!”

ನಾವು ಸೋತೆವು. ಯಾರೂ ಆಯ್ಕೆಯಾಗಲಿಲ್ಲ. ಬಸ್ಸಿನಲ್ಲಿ ಟೀಚರು ನಮ್ಮನ್ನು ಬೈಯಲಿಲ್ಲ. ಸೊಟ್ಟ ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದು ಕಿಟಕಿಯಾಚೆ ನೋಡುತ್ತ ಕುಳಿತರು. ಗೆಳತಿಯ ಮದುವೆ ಅದೇ ಬೇಸಿಗೆಯಲ್ಲಿ ಆಯಿತು. ಆ ನೆಲ್ಲಿನ ಮೇಲಿನ ಸಿಟ್ಟು ನನಗೆ ಈಗಲೂ ಇಳಿದಿಲ್ಲ.

ನಿವೃತ್ತಿಯ ತನಕ ಪ್ರತಿ ಸುಗ್ಗಿಗೂ ಟೀಚರು ಕೋರ್ಟು ಬಿಟ್ಟುಕೊಡಿರೆಂದು ಕೇಳಿದರು, ಪ್ರತಿ ಸುಗ್ಗಿಗೂ ನೆಲ್ಲು ಬಂದು ಬಿತ್ತು.

ಹೋದ ಸುಗ್ಗಿಯಲ್ಲಿ ಟೀಚರು ತೀರಿಕೊಂಡರು. ಅಂತಿಮ ದರ್ಶನಕ್ಕೆಂದು ಅವರನ್ನು ಶಾಲೆಗೆ ತಂದರು. ಅಧ್ಯಕ್ಷರ ಮಗ ಒಂದು ಮಾತು ಹೇಳಿದ್ದೇ ತಡ, ಜನ ಚಹಾ ಕುಡಿದು ಬರುವಷ್ಟರಲ್ಲಿ ನೆಲ್ಲು ಗೋಡೆಯ ಬದಿ ಸೇರಿತ್ತು. ಇಷ್ಟು ಸುಲಭವಿತ್ತೇ! ಅವರನ್ನು ಕೋರ್ಟಿನ ನಟ್ಟನಡುವೆ ಮಲಗಿಸಿದ್ದರು.

ಹೂವು ಹಿಡಿದು ಗೇಟು ದಾಟಿದೆ. ಕಾಲು ಅಂಚಿನ ಕಡೆಗೇ ತಿರುಗಿದವು. ಹಿಂದಿನಿಂದ ಯಾರೋ ರಟ್ಟೆ ಹಿಡಿದರು. ಅದೇ ಎತ್ತರದ ಗೆಳತಿ, ತಲೆ ನರೆತಿದೆ.

“ನಡುವ ನಡಿಯವ್ವಾ,” ಎಂದಳು. “ಖಾಲಿ ಅದ.”