ಯಾವ ಬಿಟ್ಟು?

ಪಕ್ಕದ ಮನೆಯ ಡ್ರಿಲ್ ಮಾವನಿಗೆ ಗೋಡೆ ಕಂಡರೆ ಸಾಕು, ಕೈ ತುರಿಸುತ್ತದೆ. ಹೊಸ ಮಷೀನು ಕೊಳ್ಳುವ ಮುನ್ನ ಅಂಗಡಿಯವನ ತಲೆ ತಿನ್ನುತ್ತಾರೆ, ಕೊಂಡ ಮೇಲೆ ನಮ್ಮ ತಲೆಯನ್ನು. ಟವೆಲ್ಲಿಗೊಂದು ಕೊಕ್ಕೆ ಬೇಕೆಂದರೆ ಕನ್ನಡಕ, ಕೈಗವಸು, ಮಟ್ಟ ನೋಡುವ ರಸಮಟ್ಟ ಎಲ್ಲವೂ ಸಾಲಾಗಿ ಹೊರಬರುತ್ತವೆ. ಧೂಳು ಇಳಿಯುವಷ್ಟರಲ್ಲಿ ನಲ್ಲಿಯ ನೀರು ಗೋಡೆಯಿಂದಲೇ ಬರುತ್ತಿರುತ್ತದೆ. "ತಪ್ಪು ನಂದಲ್ಲ, ಈ ಗೋಡೆಗೆ ಈ ಬಿಟ್ಟು ಆಗಲ್ಲ," ಎಂದು ಡ್ರಿಲ್ಲಿನ ಮೂತಿಗೆ ಇನ್ನೂ ದಪ್ಪದ್ದೊಂದು ಬಿಟ್ಟು ಸಿಕ್ಕಿಸುತ್ತಾರೆ. "ಸಾಕು, ಬಿಟ್ಟುಬಿಡಿ ಅಂದ್ರೆ, ಯಾವ ಬಿಟ್ಟು ಅಂತ ಕೇಳ್ತಾರಲ್ಲಪ್ಪ ಇವರು!" ಎಂದು ಅತ್ತೆ ಹಣೆ ಚಚ್ಚಿಕೊಳ್ಳುತ್ತಿದ್ದರು. ತಾಳ್ಮೆಗೆಟ್ಟು ಒಮ್ಮೆ ಅವರೇ ಕುಟ್ಟಾಣಿಯ ಗುಂಡಿನಿಂದ ಹಜಾರದಲ್ಲೊಂದು ಮೊಳೆ ಹೊಡೆದರು. ಸೊಟ್ಟ ಮೊಳೆ; ಆದರೆ ಆ ಮನೆಯಲ್ಲಿ ಅಲ್ಲಾಡದೆ ನಿಂತಿರುವುದು ಅದೊಂದೇ. ಅತ್ತೆ ಹೋದ ಮೇಲೆ ಅವರ ಫೋಟೋ ತೂಗುತ್ತಿರುವುದೂ ಆ ಮೊಳೆಗೇ, ತುಸು ವಾಲಿಕೊಂಡು. "ಇದನ್ನೂ ನೆಟ್ಟಗೆ ಮಾಡಬಾರ್ದಾ ಮಾವ, ಮಷೀನು ತರ್ಲಾ?" ಎಂದು ಮೊನ್ನೆ ಚುಚ್ಚಿದೆ. ಅವರು ಗೋಡೆಗೆ ಅಡ್ಡ ಬಂದು ನಿಂತು, "ಅದೊಂದನ್ನ ಬಿಟ್ಟುಬಿಡು," ಎಂದರು. ಯಾವ ಬಿಟ್ಟು ಎಂದು ನಾನು ಕೇಳಲಿಲ್ಲ.