ಅತ್ತೆಯ ಪದದಲ್ಲಿ ಬೀಸುಕಲ್ಲು ಎಲ್ಲಿ?

ಅರವತ್ತರ ದಶಕದಲ್ಲಿ ನಮ್ಮತ್ತೆ ಹಾಡಿದ್ದ ಪದದ ಧ್ವನಿಮುದ್ರಣದಿಂದ ಬೀಸುಕಲ್ಲಿನ ಸದ್ದನ್ನು ಅಳಿಸಿ, ಕಳೆದ ತಿಂಗಳು ಅಂತರ್ಜಾಲಕ್ಕೆ ಹಾಕಿದ್ದಾರೆ. ಮಗಳ ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಿದೆ. ಅತ್ತೆಯ ಉಸಿರು, ಕೈಬಳೆಯ ಸದ್ದು ಕಿವಿಯ ಪಕ್ಕದಲ್ಲೇ ಇವೆ. ಕಲ್ಲು ಮಾತ್ರ ಇಲ್ಲ.

ಹೊಸನಗರದ ಕಡೆಯ ನಮ್ಮೂರು ಶರಾವತಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುವ ಮೊದಲು ಟೇಪ್ ರೆಕಾರ್ಡರ್ ಹೊತ್ತು ಬಂದವರು, ಬೀಸುವುದನ್ನು ನಿಲ್ಲಿಸಿ ಹಾಡಲು ಹೇಳಿದರು. ಅತ್ತೆ ಬಾಯಿ ತೆರೆದಳು, ಪದವೇ ಹೊರಡಲಿಲ್ಲ. ಮತ್ತೆ ಒಂದು ಹಿಡಿ ಅಕ್ಕಿ ಹಾಕಿ ಗೂಟ ಹಿಡಿದಳು.

"ಕಲ್ಲು ತಿರುಗ್ದೆ ಪದ ಬರಲ್ಲ ಮಾರಾಯ್ರೆ. ನಿಮ್ ಪೆಟ್ಟಿಗೆಗೆ ಕಿವಿ ನೋವಾದ್ರೆ ಹತ್ತಿ ಇಡಿ."

ಅವರು ನಕ್ಕು ಕಲ್ಲಿನ ಸದ್ದಿನೊಂದಿಗೇ ಧ್ವನಿಮುದ್ರಿಸಿಕೊಂಡರು. ಊರು ಬಿಡುವಾಗ ಲಾರಿಯಲ್ಲಿ ಜಾಗವಿಲ್ಲದೆ ಕಲ್ಲು ಜಗಲಿಯಲ್ಲೇ ಉಳಿಯಿತು. ಹೊಸ ಜಾಗದಲ್ಲಿ ಅತ್ತೆ ಹಾಡಲೇ ಇಲ್ಲ.

ಆ ಸದ್ದನ್ನು ಗಲಾಟೆಯೆಂದು ತೀರ್ಮಾನಿಸಿದವರು ಯಾರು? ಮೂಲ ಟೇಪು ಉಳಿದಿದೆಯೇ? ಅಂತರ್ಜಾಲಕ್ಕೆ ಹಾಕಿದವರು ಎಲ್ಲರೆದುರು ಉತ್ತರಿಸಲಿ.