ಕ್ಲೇರಮ್ಮನ ದೆವ್ವದ ಹಲಗೆ

ಹಳೇಬೀಡಿನಲ್ಲಿ ಮೂವತ್ತು ವರ್ಷ ಡ್ರಾಯಿಂಗ್ ಮೇಷ್ಟರಾಗಿದ್ದ ನನಗೆ ಅಕ್ಷರ ನೆಟ್ಟಗೆ ಬರೆಯಲು ಬರುತ್ತಿರಲಿಲ್ಲ ಎಂದರೆ ನೀವು ನಗಬಹುದು. ಮೊದಲಕ್ಷರ ಆನೆಯಷ್ಟಿದ್ದರೆ ಕೊನೆಯದು ಇರುವೆಯಷ್ಟು. ಹಾಗಾಗಿ ಹಳೆಯ ಎಕ್ಸ್‌ರೇ ಹಾಳೆಯಲ್ಲಿ ಅಕ್ಷರ ಕೊರೆದು, ಹಲಗೆಯ ಮೇಲಿಟ್ಟು ಬಣ್ಣ ಒತ್ತುತ್ತಿದ್ದೆ. ನಮ್ಮ ಶಾಲೆಯ ‘ಗಲಾಟೆ ಮಾಡಬೇಡಿ’ ಬೋರ್ಡು ಮೂಡಿದ್ದು ನನ್ನ ಮಾವನವರ ಎದೆಗೂಡಿನಿಂದ.

ಈ ಖ್ಯಾತಿ ಕೇಳಿ ಒಂದು ದಿನ ಕ್ಲೇರ್ ಬಂದಳು. ಕೆನಡಾದ ಹುಡುಗಿ. ದೇವಸ್ಥಾನದ ಶಿಲ್ಪಗಳ ಚಿತ್ರ ಬರೆಯುತ್ತ, ಪಕ್ಕದ ಮನೆ ಗೌರಮ್ಮನವರ ಹೊರಗಿನ ಕೋಣೆಯಲ್ಲಿ ಬಾಡಿಗೆಗಿದ್ದಳು. ಅಕ್ಟೋಬರ್ ಕೊನೆಗೆ ಅವರಲ್ಲಿ ಹ್ಯಾಲೋವೀನ್ ಎಂಬ ದೆವ್ವಗಳ ಹಬ್ಬವಂತೆ. ಬಾಗಿಲಿಗೆ ದೆವ್ವದ ಚಿತ್ರದ ಹಲಗೆ ತೂಗುಹಾಕುತ್ತಾರಂತೆ. “ಒಂದು ಮಾಡೋಣವಾ ಮೇಷ್ಟ್ರೇ?” ಎಂದಳು.

ಮುರಿದ ಬೆಂಚಿನ ಹಲಗೆಯನ್ನು ಉಜ್ಜಿ ಕಪ್ಪು ಬಳಿದೆವು. ಅವಳು ಆ ಹಬ್ಬದ ಗುರುತಾದ ಹಲ್ಲು ಕಿರಿಯುವ ಕುಂಬಳಕಾಯಿ ಬರೆದುಕೊಟ್ಟಳು, ನಾನು ಅದನ್ನು ಎಕ್ಸ್‌ರೇ ಹಾಳೆಯಲ್ಲಿ ಬ್ಲೇಡಿನಿಂದ ಕೊರೆದೆ. ಉತ್ಸಾಹದಲ್ಲಿ ಬಣ್ಣ ಜಾಸ್ತಿಯಾಗಿ ಹಾಳೆಯಡಿ ಹರಿದು, ಕುಂಬಳಕ್ಕೆ ಮೀಸೆ ಬಂತು. ಸೀಮೆಎಣ್ಣೆಯಲ್ಲಿ ಒರೆಸಿ, ಬಣ್ಣ ಒತ್ತುವ ಸ್ಪಂಜನ್ನು ಚೆನ್ನಾಗಿ ಹಿಂಡಿ ಮತ್ತೆ ಮೆಲ್ಲಗೆ ಒತ್ತಿದೆವು.

ಗೌರಮ್ಮನವರು ನೋಡಿದ್ದು ಆಗಲೇ. “ಮೇಷ್ಟ್ರೇ, ನನ್ ಬಾಗಿಲಿಗೆ ದೆವ್ವ ಕಟ್ಟೋದು ಬ್ಯಾಡ. ಮನೆಯವರು ಹೋಗಿ ಇನ್ನೂ ವರ್ಷ ತುಂಬಿಲ್ಲ. ಬೇಕೇ ಬೇಕು ಅಂದ್ರೆ ಬೇರೆ ರೂಮು ನೋಡ್ಕಳ್ಳಲಿ.”

ದೇವಸ್ಥಾನದ ಬಾಗಿಲ ಮೇಲೂ ಬಾಯಿ ತೆರೆದ ಮುಖವಿದೆಯಲ್ಲ, ಅದರ ಕೆಳಗೇ ಕೈಮುಗಿದು ಹೋಗುತ್ತೇವಲ್ಲ ಎಂಬ ಪಾಂಡಿತ್ಯ ನನ್ನ ನಾಲಿಗೆ ತುದಿಗೆ ಬಂದಿತ್ತು. ಅವರ ಬರಿಯ ಹಣೆ ನೋಡಿ ನುಂಗಿಕೊಂಡೆ.

ಕ್ಲೇರ್ ತಾನು ಕಲಿತ ಕನ್ನಡದಲ್ಲಿ ನಿಧಾನವಾಗಿ ಹೇಳಿದಳು: “ಹೆದರಿಸೋಕೆ ಅಲ್ಲ ಅಮ್ಮ. ಆ ದಿನ ಸತ್ತವರು ಮನೆಗೆ ಬರ್ತಾರೆ ಅಂತ ನಮ್ಮಜ್ಜಿ ಹೇಳ್ತಿದ್ರು. ಪ್ರತಿ ವರ್ಷ ನಾವಿಬ್ಬರೇ ಹಲಗೆ ಮಾಡ್ತಿದ್ವಿ. ಈ ವರ್ಷ ಅಜ್ಜಿ ಇಲ್ಲ.”

ಗೌರಮ್ಮನವರು ಹಲಗೆಯ ಹತ್ತಿರ ಬಂದರು. “ಅದು ಹಿರಿಯರ ಹಬ್ಬ ಅಲ್ವೇನವ್ವಾ? ಮೊದಲೇ ಹೇಳಬಾರದಿತ್ತಾ? ನಿಮ್ಮಜ್ಜಿಗೆ ಏನಿಷ್ಟ?”

“ಕುಂಬಳಕಾಯಿ ಸಿಹಿ.”

ಹಬ್ಬದ ಸಂಜೆ ಗೌರಮ್ಮನವರು ಕುಂಬಳಕಾಯಿ ಕಡುಬು ಬೇಯಿಸಿ, ಕ್ಲೇರಳ ಕೋಣೆಯಲ್ಲಿ ಎರಡು ಬಾಳೆಲೆ ಹಾಕಿದರು. ಒಂದು ಅಜ್ಜಿಗೆ. ಇನ್ನೊಂದು ಯಾರಿಗೆಂದು ನಾವು ಕೇಳಲಿಲ್ಲ. ಎಡೆ ಇಟ್ಟ ಮೇಲೆ ಹಿರಿಯರು ನಿರಾಳವಾಗಿ ಉಣ್ಣಲೆಂದು ಬಾಗಿಲು ಮುಂದೆ ಮಾಡಿಕೊಂಡು ಬರುವುದು ನಮ್ಮ ಕಡೆಯ ಪದ್ಧತಿ. ಗೌರಮ್ಮನವರು ಹಾಗೆಯೇ ಮಾಡಿ, ಹಲಗೆಯನ್ನು ತಾವೇ ಬಾಗಿಲ ಮೊಳೆಗೆ ಸಿಕ್ಕಿಸಿದರು. ಮೂವರೂ ಜಗಲಿಯಲ್ಲಿ ಕೂತೆವು.

ಹತ್ತು ನಿಮಿಷಕ್ಕೆ ಗೌರಮ್ಮನವರು ಎದ್ದರು. “ಏಳವ್ವಾ, ಉಂಡಿರ್ತಾರೆ.”

“ಇಷ್ಟು ಬೇಗನಾ?” ಎಂದಳು ಕ್ಲೇರ್, ಕಣ್ಣೊರೆಸಿಕೊಳ್ಳುತ್ತ.

“ಅಜ್ಜಿದೀರು ಬೇಗ ಉಣ್ತಾರೆ ಕಣವ್ವಾ. ಹೊರಗಡೆ ಮಕ್ಳು ಹಸ್ಕೊಂಡಿರ್ತಾವೆ ಅಂತ.”